ಫ್ರಿಜ್ ಬಾಗಿಲಲ್ಲಿ ರಂಗಕ್ಕನ ಜಾಗ

ಹೊನ್ನವಳ್ಳಿಯ ರಂಗಕ್ಕನ ಮನೆಯಲ್ಲಿ ಯಾವುದು ಎಲ್ಲಿರಬೇಕು ಅನ್ನುವುದನ್ನು ತೀರ್ಮಾನಿಸುವವಳು ರಂಗಕ್ಕನೇ. ಕೊಬ್ಬರಿಗೆ ಬಿಟ್ಟ ಕಾಯಿ ಅಟ್ಟದಲ್ಲಿ, ಉಪ್ಪಿನಕಾಯಿ ಜಾಡಿ ಕತ್ತಲೆ ಮೂಲೆಯಲ್ಲಿ, ಮಗ ರಂಗರಾಜು ಊಟಕ್ಕೆ ಕಂಬದ ಪಕ್ಕದಲ್ಲಿ. ಫ್ರಿಜ್ಜನ್ನೂ ಅವಳೇ ನಡುಮನೆಯಲ್ಲಿ ನಿಲ್ಲಿಸಿದ್ದಳು. ಅಡುಗೆಮನೆಯಲ್ಲಿಟ್ಟರೆ ಬಂದವರಿಗೆ ಕಾಣುವುದು ಹೇಗೆ? ಹಳೇ ಫ್ರಿಜ್ಜು. ಒಂದು ಕಾಲು ಮೋಟಾಗಿ, ಅದರ ಕೆಳಗೆ ರಟ್ಟು ಮಡಚಿ ಕೊಟ್ಟಿದ್ದರು.

ಆ ಫ್ರಿಜ್ಜಿನ ಬಾಗಿಲ ಮೇಲೆ ಕಣ್ಣು ಹಾಕಿದವಳು ಸೊಸೆ ಪವಿತ್ರಾ. ಮೊಬೈಲಿನಲ್ಲಿ ಯಾರೋ ಮಾಡುವುದನ್ನು ನೋಡಿ, ಫೋಟೋ ಫ್ರೇಮ್ ಮಾಡುತ್ತೇನೆಂದು ಕೂತಳು. ತೆಂಗಿನ ಚಿಪ್ಪಿಗೆ ಆ ಮನೆಯಲ್ಲಿ ಬರವೇ? ಚಿಪ್ಪನ್ನು ಗರಗಸದಲ್ಲಿ ಬಳೆಯ ಹಾಗೆ ಕೊಯ್ದಳು, ಉಜ್ಜಿದಳು, ಎಣ್ಣೆ ಸವರಿ ಮಿರಮಿರ ಮಿಂಚಿಸಿದಳು. ಒಳಗೆ ಫೋಟೋ, ಹಿಂದೆ ರಟ್ಟು, ರಟ್ಟಿಗೆ ತಿಪಟೂರಿನ ಅಂಗಡಿಯಿಂದ ತಂದ ಗುಂಡಿಯಷ್ಟು ಮ್ಯಾಗ್ನೆಟ್. ಬಾಗಿಲ ಹತ್ತಿರ ಹಿಡಿದರೆ ಸಾಕು, ಟಕ್ ಅಂತ ಕಚ್ಚಿಕೊಳ್ಳುತ್ತಿತ್ತು. ಮಗಳು ಗಾನವಿಯದೊಂದು, ಗಂಡ ಹೆಂಡಿರದೊಂದು. ಗಾನವಿ ಅತ್ತು ರಂಪ ಮಾಡಿದ್ದಕ್ಕೆ ಹಸು ಗೌರಿಯದೂ ಒಂದು.

"ಇದೆಲ್ಲಾ ಮಕ್ಕಳಾಟ" ಅನ್ನುತ್ತಲೇ ರಂಗಕ್ಕ ಆ ಕಡೆ ಹತ್ತು ಸಲ ಓಡಾಡಿದಳು. "ನಿಮಗೂ ಒಂದು ಮಾಡ್ಲಾ ಅತ್ತೆ?" ಎಂದು ಪವಿತ್ರಾ ಕೇಳಿದ್ದೇ ತಡ, ಮಂಡಿ ನೋವು ಮರೆತು ಅಟ್ಟ ಹತ್ತಿದಳು.

"ಈ ಮನೆ ಯಜಮಾನ್ತಿ ಕಣೇ ನಾನು. ಗೌರಿದಕ್ಕಿಂತ ಸಣ್ಣ ಚಿಪ್ಪಾದ್ರೆ ಬ್ಯಾಡ!"

ಅಟ್ಟದಲ್ಲಿದ್ದ ಅತಿ ದೊಡ್ಡ ಕಾಯಿಯೇ ಕೆಳಗಿಳಿಯಿತು. ಪಟ್ಟಿ ಅಗಲವಾಗಿ ಕೊಯ್ಯಿಸಿದಳು. ಅದಕ್ಕೆ ಕವಡೆ ಅಂಟಿಸಿದಳು, ಬಳೆಚೂರು ಅಂಟಿಸಿದಳು, ಕನ್ನಡಿಚೂರು ಅಂಟಿಸಿದಳು. ಸಾಲದು ಅನ್ನಿಸಿ, ಎತ್ತಿನ ಕೊರಳಪಟ್ಟಿಯಿಂದ ಬಿಚ್ಚಿದ ಹಿತ್ತಾಳೆ ಬಿಲ್ಲೆಯನ್ನು ನೆತ್ತಿಯ ಮೇಲೆ ಕೂರಿಸಿದಳು. ಒಳಗಿದ್ದದ್ದು ರೇಷನ್ ಕಾರ್ಡಿಗೆಂದು ತೆಗೆಸಿದ ಫೋಟೋ, ಇನ್ನೇನು ಬೈಯಲು ಬಾಯಿ ತೆರೆಯಬೇಕು ಅನ್ನುವಂಥ ಮುಖ.

"ಭಾರ ಆಗಲ್ವಾ ಅತ್ತೆ?"

"ಆಗ್ಲಿ ಬುಡು."

ಎಲ್ಲರಿಗಿಂತ ಮೇಲೆ, ಬಾಗಿಲ ನೆತ್ತಿಗೆ ಅದನ್ನು ಅಂಟಿಸಿದರು. ರಂಗಕ್ಕ ಆವತ್ತು ನೀರು ಕುಡಿಯುವ ನೆಪದಲ್ಲಿ ಬಂದು ಬಂದು ನೋಡಿಕೊಂಡಳು.

ಮಾರನೇ ದಿನ ತೋಟದಿಂದ ಬಂದು ನೋಡಿದರೆ, ತಾನು ಗಾನವಿಗಿಂತ ಕೆಳಗಿದ್ದಾಳೆ! ಯಾರೂ ನೋಡದಾಗ ಮೇಲಕ್ಕೇರಿಸಿದಳು. ಅದರ ಮಾರನೇ ದಿನ ಗೌರಿಗಿಂತಲೂ ಕೆಳಗೆ. ಮತ್ತೆ ಏರಿಸಿದಳು, ಮತ್ತೆ ಇಳಿದಿತ್ತು. ಹಗಲೆಲ್ಲ ಮನೆಯಲ್ಲಿರುವವಳು ಸೊಸೆಯೊಬ್ಬಳೇ. ಇಷ್ಟು ವರ್ಷ ದುಡಿದು ಕಟ್ಟಿದ ಮನೆಯಲ್ಲಿ ತನ್ನ ಜಾಗ ಹಸುವಿನ ಕಾಲ ಬುಡದಲ್ಲೇ? ರಂಗಕ್ಕನಿಗೆ ನಿಜವಾಗಿಯೂ ಅಳು ಬಂತು.

ಬಾಯಿಬಿಟ್ಟು ಕೇಳಬಹುದಿತ್ತು. ಆದರೆ ಸೊಸೆಗೆ ಹೇಳಬೇಕಾದ್ದನ್ನು ಸೊಸೆಗೇ ಹೇಳಿದರೆ ಅವಳೆಂಥ ಅತ್ತೆ? ಕೊಟ್ಟಿಗೆಯಲ್ಲಿ ನಿಂತು ಹಸುವಿಗೆ ಹೇಳಿದಳು, ಅಡುಗೆಮನೆಗೆ ಕೇಳುವಷ್ಟು ಜೋರಾಗಿ.

"ಕೇಳಿದ್ಯಾ ಗೌರಿ? ನೀನು ಮೇಲೆ, ನಾನು ಕೆಳಗೆ. ಈ ಮನೇಲಿ ಬಾಲ ಇದ್ದೋರ್ಗೆ ಕಣವ್ವ ಮರ್ವಾದೆ!"

ಪವಿತ್ರಾ ಏನು ಕಮ್ಮಿ? ಹಿತ್ತಲಲ್ಲಿ ಪಾತ್ರೆ ಉಜ್ಜುತ್ತಾ ಕೋಳಿಗೆ ಹೇಳಿದಳು. "ಮಾಡೋದೆಲ್ಲ ತಾವೇ ಮಾಡಿ, ಆಮೇಲೆ ತಾವೇ ಮುನಿಸ್ಕೊಳ್ತಾರೆ ನೋಡು." ಕೋಳಿ ಏನೂ ಅರ್ಥವಾಗದೆ ಬೂದಿ ಕೆದರಿತು.

ಹಸುವಿನ ಜೊತೆ ಎಷ್ಟು ಅಂತ ಹೇಳಿಕೊಳ್ಳುವುದು? ಹೆಪ್ಪು ಕೇಳಲು ಬಂದ ಪಕ್ಕದ ಮನೆ ಭೂತಮ್ಮನ ಮುಂದೆ ರಂಗಕ್ಕ ಎಲ್ಲವನ್ನೂ ಕಾರಿಕೊಂಡಳು. ಭೂತಮ್ಮ ಹೆಪ್ಪು ಮರೆತು ಓಡಿದಳು. ಸಂಜೆಯ ಹೊತ್ತಿಗೆ ಹಾಲಿನ ಡೈರಿಯಲ್ಲಿ ಸುದ್ದಿ ಬೆಳೆದು, ಪವಿತ್ರಾ ಅತ್ತೆಯನ್ನು ಕೊಟ್ಟಿಗೆಯಲ್ಲಿ ಮಲಗಿಸಿ ಹಸುವಿಗೆ ಮಂಚ ಹಾಕಿದ್ದಾಳೆ ಅನ್ನುವಲ್ಲಿಗೆ ಬಂದಿತ್ತು.

ಕೈಯಾರೆ ಹಿಡಿಯಲೇಬೇಕೆಂದು ರಂಗಕ್ಕ ಮರುದಿನ ತೋಟಕ್ಕೆ ಹೋದವಳಂತೆ ಹೋಗಿ, ಹಿಂಬಾಗಿಲಿನಿಂದ ಬಂದು ಕಣಜದ ಮರೆಯಲ್ಲಿ ಕೂತಳು. ಮಧ್ಯಾಹ್ನ ಪವಿತ್ರಾ ಬಂದಳು, ಅತ್ತಿತ್ತ ನೋಡಿದಳು, ಫ್ರೇಮಿಗೆ ಕೈ ಹಾಕಿದಳು.

"ಸಿಕ್ಕಿಬಿದ್ಯಾ!" ರಂಗಕ್ಕ ತಲೆತುಂಬ ಜೇಡರಬಲೆ ಹೊತ್ತು ಈಚೆ ನೆಗೆದಳು.

ಪವಿತ್ರಾ ಕಿಟಾರನೆ ಕಿರುಚಿದಳು. "ಏನತ್ತೆ ಇದು! ಮೇಲಕ್ಕೆ ಹತ್ತಿಸ್ತಾ ಇದ್ದೀನಿ ಕಣತ್ತೆ. ಅದ್ಯಾವ ಸಿಟ್ಟಿಗೋ ದಿನಾ ನೀವು ಇಳಿಸ್ತೀರಿ, ದಿನಾ ನಾನು ಹತ್ತಿಸ್ತೀನಿ."

"ನಾನಾ? ಇಳಿಸೋದಾ?"

ಪವಿತ್ರಾ ಫ್ರೇಮನ್ನು ಬಾಗಿಲ ನೆತ್ತಿಗೆ ಅಂಟಿಸಿ ಕೈ ತೆಗೆದಳು. ಅಷ್ಟರಲ್ಲಿ ಫ್ರಿಜ್ಜು ಗುರ್ರೆಂದು ಮೈ ಕೊಡವಿಕೊಂಡು ಶುರುವಾಯಿತು. ಇಬ್ಬರ ಕಣ್ಣೆದುರೇ ರಂಗಕ್ಕ ಬಿಲ್ಲೆ ಕವಡೆ ಸಮೇತ ಜರ್ ಜರ್ ಅಂತ ಜಾರಿ, ಗಾನವಿಯನ್ನು ದಾಟಿ, ಗೌರಿಯ ಬಾಲದ ಹತ್ತಿರ ಬಂದು ನಿಂತಳು.

ಪವಿತ್ರಾ ನಗು ತಡೆಯಲಾರದೆ ನೆಲದ ಮೇಲೆ ಕೂತುಬಿಟ್ಟಳು. "ಬಿಲ್ಲೆ ಒಂದು ಕಿತ್ರೆ ನಿಲ್ಲುತ್ತೆ ಬುಡಿ ಅತ್ತೆ."

"ಬಿಲ್ಲೆ ಕೀಳೋ ಮಾತೇ ಇಲ್ಲ. ಫ್ರಿಜ್ ಆರಿಸು."

ಫ್ರಿಜ್ಜು ಆರಿತು. ರಂಗಕ್ಕ ಮತ್ತೆ ಬಾಗಿಲ ನೆತ್ತಿಗೇರಿ ಅಲುಗಾಡದೆ ನಿಂತಳು. ಬೆಳಗಾಗುವಷ್ಟರಲ್ಲಿ ಹಾಲು ಒಡೆದಿತ್ತು. ದೋಸೆಹಿಟ್ಟು ಉಬ್ಬಿ, ಬಾಗಿಲ ಸಂದಿಯಿಂದ ಹೊರಬಂದು ನಡುಮನೆಯಲ್ಲಿ ಹರಿದಿತ್ತು. ರಂಗರಾಜು ನಿದ್ದೆಗಣ್ಣಿನಲ್ಲಿ ಅದನ್ನೇ ತುಳಿದು ಜಾರಿ ಬಿದ್ದ. "ಯಾರೇ ಫ್ರಿಜ್ ಆರಿಸಿದ್ದು?" ಎಂದು ಕೂಗಾಡಿದ.

ರಂಗಕ್ಕ ಕಂಬದ ಹಿಂದಕ್ಕೆ ಸರಿದಳು. ಹಿಟ್ಟು ಬಳಿಯುತ್ತಿದ್ದ ಪವಿತ್ರಾ ತಲೆಯೆತ್ತದೆ, "ನಾನೇ ಕಣ್ರೀ, ಗುಡಿಸುವಾಗ ಮರೆತು ಆರಿಸ್ಬಿಟ್ಟೆ" ಅಂದಳು. ಬೈಗುಳವೆಲ್ಲ ಅವಳ ಪಾಲಿಗೇ ಬಂತು.

ಕಾಫಿ ಲೋಟ ಹಿಡಿದು ಕೂತ ರಂಗಕ್ಕನಿಗೆ ಇಂಥ ಹುಡುಗಿಯನ್ನು ಬೀದಿ ಬಾಯಿಗೆ ಹಾಕಿದೆನಲ್ಲ ಎಂದು ನಾಚಿಕೆಯಾಯಿತು. ಲೋಟ ಅಲ್ಲೇ ಇಟ್ಟು, ಸೀದಾ ಭೂತಮ್ಮನ ಮನೆ ಬಾಗಿಲಿಗೆ ಹೋದಳು.

"ನಾನು ಹೇಳಿದ್ದೆಲ್ಲ ಸುಳ್ಳು ಕಣೇ ಭೂತಮ್ಮ. ನಮ್ಮ ಪವಿತ್ರಾ ದಿನಾ ನನ್ನ ಮೇಲಕ್ಕೇ ಹತ್ತಿಸ್ತಿದ್ಲು."

ಭೂತಮ್ಮನ ಮುಖ ಬಾಡಿತು. "ಹಂಗಾದ್ರೆ ಕೆಳಕ್ಕೆ ಇಳಿಸ್ತಿದ್ದೋರು ಯಾರು?"

ರಂಗಕ್ಕ ಸೆರಗು ಸರಿಮಾಡಿಕೊಂಡಳು. ಅತ್ತ ನೋಡಿದಳು, ಇತ್ತ ನೋಡಿದಳು, ತಪ್ಪಿಸಿಕೊಳ್ಳಲು ದಾರಿ ಕಾಣಲಿಲ್ಲ.

"ಯಾರೂ ಇಲ್ಲ. ನನ್ನ ಭಾರಕ್ಕೆ ನಾನೇ ಇಳೀತಿದ್ದೆ. ಹೋಗು, ಇದನ್ನೂ ಊರಿಗೆಲ್ಲ ಹೇಳು."