ಬಿಳಿ ಹಚ್ಚಿದ ಹೊತ್ತು

ಬಿಳಿ ಹಚ್ಚಬೇಡ ಅಂದೆ, ಕೈ ತೆಗಿ, ಕೈ ತೆಗಿ ಅಂತಿದೀನಿ ಮುನೀಫ್, ಇಲ್ಲಾಂದ್ರೆ ಆ ಗುಂಡಿ ಪೆಟ್ಟಿಗೇನೇ ಎತ್ತಿ ನಿನ್ನ ತಲೆ ಮೇಲೆ ಹಾಕ್ತೀನಿ — ವಜೀಹ್‌ನ ಕೂಗು ಗೋಡೆಯ ಮೆತ್ತೆಗಳೊಳಗೆ ಹೊಕ್ಕು ಅಲ್ಲೇ ಇಂಗಿಹೋಯಿತು, ಈ ಕೋಣೆಯಲ್ಲಿ ಯಾರು ಏನು ಕೂಗಿದರೂ ಹೀಗೇ, ಮಾತು ಬಾಯಿಂದ ಬಿದ್ದ ಕೂಡಲೇ ಉಣ್ಣೆಯಲ್ಲಿ ಸುತ್ತಿಟ್ಟ ಹಾಗಾಗುತ್ತದೆ, ಮನೆಯೊಳಗೇ ಸಿನಿಮಾ ನೋಡಲು ಮಾಡಿಸಿದ ಕೋಣೆ, ಹೊರಗಿನದು ಒಳಗೆ ಬರಬಾರದು, ಒಳಗಿನದು ಹೊರಗೆ ಹೋಗಬಾರದು, ಫೋನಿಗೂ ಸಿಗ್ನಲ್ ಸಿಗಬಾರದು — ಇಲ್ಲ, ಫೋನಿನದು ಯೋಚಿಸಬಾರದು — ಮುನೀಫ್‌ನ ಬೆರಳು ಗುಂಡಿಯ ಮೇಲೇ ಇದೆ, ತೆಗೆಯುವುದಿಲ್ಲ, ಯಾಕೆ ತೆಗೆಯಬೇಕು, ಕೆಂಪು ಹಚ್ಚಿ ನೋಡಿಯಾಯಿತು, ಹಸಿರು ಆಯಿತು, ನೀಲಿ ಆಯಿತು, ಕೊನೆಗೆ ಬಿಳಿ ಹಚ್ಚದೆ ಇಂಥ ಎಲ್‌ಇಡಿ ಪರದೆಯ ಗೋಡೆಯನ್ನು ಯಾರು ಒಪ್ಪಿಸುತ್ತಾರೆ, ಸತ್ತ ದೀಪ, ಓರೆಯಾದ ಸಂದು, ಸಣ್ಣ ದೀಪಗಳನ್ನು ಒತ್ತಾಗಿ ಜೋಡಿಸಿದ ಚೌಕದ ಬಿಲ್ಲೆಗಳಲ್ಲಿ ಕೊಂಚ ಗುಲಾಬಿಗೆ ತಿರುಗಿದ ಮಾಡ್ಯೂಲು, ಎಲ್ಲ ಕಾಣುವುದು ಬಿಳಿಯಲ್ಲೇ, ಇದನ್ನು ವಜೀಹ್‌ಗೆ ಹೇಳಿಕೊಡಬೇಕೇ, ಸೈದಾದಿಂದ ಬೈರೂತಿನ ತನಕ ಇಬ್ಬರೂ ಸೇರಿ ಎಷ್ಟು ಮದುವೆ ಮಂಟಪಕ್ಕೆ, ಎಷ್ಟು ಬಂಗಲೆಗೆ ಇಂಥ ಗೋಡೆ ಕೂರಿಸಿಲ್ಲ, ಚೌಕಟ್ಟು ಕಟ್ಟುವುದು ತಾನು, ಅಯಸ್ಕಾಂತದ ಹಿಡಿಕೆಯಲ್ಲಿ ಮಾಡ್ಯೂಲು ಹಿಡಿದು ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗುವುದು ಅವನು, ಮೂಲೆ ತಗುಲಿ ಒಂದು ದೀಪವೂ ಉದುರದ ಹಾಗೆ, ಮಗುವನ್ನು ತೊಟ್ಟಿಲಿಗೆ ಇಳಿಸುವ ಹಾಗೆ, ಆ ಕೈ ನೋಡಿಯೇ ಅಲ್ಲವೇ ಗೆಳೆಯನಿಗೆ ತಂಗಿ ನಿಹಾದ್‌ಳನ್ನು ಕೊಟ್ಟದ್ದು, ಈಗ ಅದೇ ಕೈ ಮುಷ್ಟಿ ಕಟ್ಟಿದೆ. ನೋಡು ಮಾರಾಯ, ಇವತ್ತು ಇದು ಬಂಗಲೆಯ ಸ್ವಂತ ಜನರೇಟರು, ಮೊನ್ನೆ ಬಂದರಿನಿಂದ ಬಂದಿಳಿದಿದೆ, ಯಾರ ಮನೆ ದೀಪವೂ ಆರೋದಿಲ್ಲ ಕಣೋ, ಎಂದು ಮುನೀಫ್ ಹೇಳಿದ, ಮೆಲ್ಲಗೆ ಹೇಳಬೇಕೆಂದುಕೊಂಡದ್ದು ಬೈದ ಹಾಗೆ ಬಂತು, ಅವನ ಬಾಯಿಂದ ಏನು ಬಂದರೂ ಬೈದ ಹಾಗೇ ಬರುತ್ತದೆ, ಅಮ್ಮನ ಹಾಲಿಗೇ ಮೆಣಸಿನಪುಡಿ ಹಾಕಿಕೊಂಡು ಕುಡಿದಿದ್ದೀಯ ಎಂದು ನಿಹಾದ್ ಅನ್ನುತ್ತಿದ್ದಳು. ಆರೋದಕ್ಕೆ ಇನ್ನು ಯಾರ ಮನೇಲಿ ಏನು ಉಳಿದಿದೆ, ಎಂದ ವಜೀಹ್. ಗೋಡೆ ಕಪ್ಪಗೆ ನಿಂತಿದೆ, ಮೂರನೇ ಸಾಲಿನಲ್ಲಿ, ಎಡತುದಿಯ ಹತ್ತಿರ, ಒಂದು ಚೌಕ ತೆರೆದೇ ಇದೆ, ಸಣ್ಣ ತಟ್ಟೆಯಷ್ಟು ಅಗಲ, ಒಳಗಿನ ತಂತಿ ಕಾಣುತ್ತದೆ, ಅದಕ್ಕೆ ಸೇರಬೇಕಾದ ಮಾಡ್ಯೂಲು ನಿಹಾದ್ ಹೋದ ದಿನದಿಂದ ವಜೀಹ್‌ನ ಹೆಗಲ ಚೀಲದಲ್ಲೇ ಇದೆ.

ಆ ಯಂತ್ರಕ್ಕೆ ನಿಹಾದ್ ಎರಡನೇ ಗಂಡ ಎಂದು ಹೆಸರಿಟ್ಟಿದ್ದಳು, ಗಾಳಿಯಿಂದ ಆಮ್ಲಜನಕ ಸೋಸಿ ಮೂಗಿನ ಕೊಳವೆಗೆ ಬಿಡುವ ಯಂತ್ರ, ಇವನೂ ರಾತ್ರಿಯೆಲ್ಲ ಗೊರಕೆ ಹೊಡೀತಾನೆ ಅಣ್ಣಾ, ಆದರೆ ಇವನಿಗೆ ಬೇಯಿಸಿ ಹಾಕೋದು ಬೇಡ, ಕರೆಂಟು ಕೊಟ್ಟರೆ ಸಾಕು, ಎಂದು ನಗಲು ಹೋಗಿ ಕೆಮ್ಮುತ್ತಿದ್ದಳು, ಬೀದಿಯ ಜನರೇಟರಿನಿಂದ ಐದೇ ಅಂಪೇರ್ ಕರೆಂಟು ಸಿಗುವ ಮನೆ ಅದು, ಯಂತ್ರ ಓಡುವಾಗ ಇಸ್ತ್ರಿ ಇಲ್ಲ, ನೀರು ಕಾಯಿಸುವುದಿಲ್ಲ, ಫ್ರಿಜ್ಜಿಗೂ ಸರದಿ, ಸರ್ಕಾರದ ಕರೆಂಟು ಬಂದರೆ ಓಣಿಯೇ ಬಂತು ಬಂತು ಎಂದು ಕೂಗುತ್ತದೆ, ಹೋದರೆ ಯಾರೂ ತಲೆಯೆತ್ತುವುದಿಲ್ಲ, ಅಬು ಹೈಸಮ್‌ನ ಜನರೇಟರು ಹಿಡಿದುಕೊಳ್ಳುತ್ತದೆ, ಬೀದಿಗೆಲ್ಲ ಅಂಪೇರ್ ಹಂಚುವವನು ಅವನೇ. ದುಡ್ಡಿದ್ದವರ ಮನೆಗೆ ಗೋಡೆಯಷ್ಟು ಬೆಳಕು ಹೊತ್ತುಕೊಂಡು ಹೋಗ್ತೀರಲ್ಲ ಇಬ್ಬರೂ, ನನ್ನ ಅಡುಗೆಮನೆ ಬಲ್ಬು ಸುಟ್ಟು ತಿಂಗಳಾಯ್ತು, ಎನ್ನುತ್ತಿದ್ದಳು ನಿಹಾದ್, ನಾಳೆ ಹಾಕ್ತೀನಿ ಅಂದಿದ್ದ ಮುನೀಫ್, ಹಾಕಲಿಲ್ಲ, ಅವಳನ್ನು ಮಣ್ಣು ಮಾಡಿ ಬಂದ ಮೇಲೂ ಆ ಅಡುಗೆಮನೆಯಲ್ಲಿ ಹೆಂಗಸರು ಮೇಣದಬತ್ತಿ ಹಚ್ಚಿಕೊಂಡು ಕಾಫಿ ಕಾಸಿದರು, ಸಕ್ಕರೆ ಇಲ್ಲದ ಕಹಿ ಕಾಫಿ, ಅದರ ಕಹಿ ಇನ್ನೂ ನಾಲಗೆಯ ಬುಡದಲ್ಲಿದೆ. ಅಂದು ಬಂಗಲೆಯ ಜನರೇಟರು ಹಡಗಿನಿಂದ ಇಳಿದಿರಲಿಲ್ಲ, ಆಫ್ರಿಕಾದ ಆಬಿಜಾನ್‌ನಲ್ಲಿ ದುಡಿದು ಮನೆ ಕಟ್ಟಿಸಿದ ಧಣಿ ಬರುವವನಿದ್ದ, ಮ್ಯಾನೇಜರ್ ಅದ್ನಾನ್ ಬೆಳಗಿನಿಂದ ಹಿಂದೆ ಮುಂದೆ ಸುಳಿಯುತ್ತಿದ್ದ, ಮೇಸ್ತ್ರಿ ಮುನೀಫ್, ಧಣಿಗೆ ಏನು ಹೇಳಲಿ, ಮೇಸ್ತ್ರಿ ಮುನೀಫ್, ಇವತ್ತು ಉರಿಯುತ್ತಾ, ತಲೆ ಕೆಟ್ಟು ಮುನೀಫ್ ತಾನೇ ಇಳಿದು ಅಬು ಹೈಸಮ್‌ನ ಹತ್ತಿರ ಹೋದ, ದಪ್ಪ ಕೇಬಲ್ ತಾನೇ ಎಳೆಸಿದ, ಅಬು ಹೈಸಮ್ ಹುಬ್ಬು ಕೆರೆದುಕೊಂಡು ಅಂದದ್ದು ಕಿವಿಯಲ್ಲೇ ಇದೆ, ನೋಡಪ್ಪಾ, ನೀನು ಬಿಳಿ ಹಚ್ಚಿದರೆ ನನ್ನ ಯಂತ್ರ ಉಸಿರು ಕಟ್ಟಿ ಸಾಯುತ್ತೆ, ನೀನು ಹಚ್ಚೋ ಹೊತ್ತಿಗೆ ಕೆಳಗಿನ ಓಣಿ ಲೈನು ತೆಗೆದಿರ್ತೀನಿ, ನೀನು ಆರಿಸಿದ್ಯಾ ನಾನು ಹಾಕಿದೆ, ಅವರಿಗೇನು ರೂಢಿನೇ. ಆಯ್ತು ಆಯ್ತು ಬೇಗ ಮಾಡು, ಎಂದಿದ್ದ ತಾನು. ಕೆಳಗಿನ ಓಣಿ. ನಿಹಾದ್‌ಳ ಓಣಿ. ಕೇಳಿಸಿತ್ತು, ಕೇಳಿಸಲಿಲ್ಲ ಎನ್ನಲು ಬರುವುದಿಲ್ಲ, ಕರೆಂಟು ಹೋದಾಗ ಇರಲಿ ಎಂದು ಮಂಚದ ಪಕ್ಕ ಒಂದು ಆಮ್ಲಜನಕದ ಸಿಲಿಂಡರ್ ನಿಲ್ಲಿಸಿರುತ್ತಾರಲ್ಲ, ಅದು ಇದೆಯಲ್ಲ ಎಂದುಕೊಂಡಿದ್ದ, ಅಂದುಕೊಂಡದ್ದೂ ಹೌದೋ ಅಥವಾ ಆಮೇಲೆ ಕಟ್ಟಿಕೊಂಡ ಮಾತೋ, ಗೊತ್ತಿಲ್ಲ, ದರಿದ್ರ ತಲೆ, ಬೇಕಾದದ್ದನ್ನು ಬೇಕಾದ ಕಡೆ ಜೋಡಿಸಿಬಿಡುತ್ತದೆ. ಬಿಳಿ ಹಚ್ಚಿದಾಗ ಕೋಣೆಗೆ ಕೋಣೆಯೇ ಹಾಲಿನಲ್ಲಿ ಅದ್ದಿದ ಹಾಗಾಯಿತು, ಅದ್ನಾನ್ ಮಾಷಾಅಲ್ಲಾ ಎಂದು ಕಣ್ಣಿಗೆ ಕೈ ಅಡ್ಡ ಹಿಡಿದ, ಇಡೀ ಬಿಳಿಯಲ್ಲಿ ಒಂದೇ ಒಂದು ಕಡೆ ತಪ್ಪು, ಮೂರನೇ ಸಾಲು, ಎಡತುದಿ, ಕಪ್ಪು ಚೌಕ. ಸಾಕು ಆರಿಸು ಮುನೀಫ್, ನಾಳೆ ನೋಡೋಣ, ಎಂದ ವಜೀಹ್. ತಡಿಯೋ, ಒಂದೇ ಒಂದು, ಏಣಿ ಹತ್ತು, ತೆಗೆದು ನೋಡು, ಕನೆಕ್ಷನ್ನಾ ಮಾಡ್ಯೂಲಾ ಗೊತ್ತಾಗಲಿ. ಹತ್ತಿದ. ತೆಗೆದ. ಅಲುಗಿಸಿದ, ಊದಿದ, ಮತ್ತೆ ಇಟ್ಟ, ಉರಿಯಲಿಲ್ಲ, ಮತ್ತೆ ತೆಗೆದ, ಮುನೀಫ್ ಕೆಳಗಿನಿಂದ ಬಲಕ್ಕೆ ತಿರುಗಿಸು, ತಂತಿಯ ಪಟ್ಟಿ ಒತ್ತು ಎನ್ನುತ್ತಲೇ ಇದ್ದ, ಬಿಳಿ ಉರಿಯುತ್ತಲೇ ಇತ್ತು, ಎಷ್ಟು ಹೊತ್ತೋ, ಅವರಿಬ್ಬರಿಗೂ ಲೋಕದಲ್ಲಿ ಆ ಚೌಕದಷ್ಟೇ ಕೆಲಸವಿತ್ತು. ಹೊರಗೆ ಹಜಾರಕ್ಕೆ ಬಂದಾಗ ಎರಡು ಫೋನೂ ಒಟ್ಟಿಗೆ ಗುಂಯ್ಯೆಂದು ಅದುರಿದವು, ಪಕ್ಕದ ಮನೆಯ ಉಮ್ ಬಿಲಾಲ್ ಮಾಡಿದ ಕರೆಗಳು, ಒಂದರ ಕೆಳಗೊಂದು, ಒಂದರ ಕೆಳಗೊಂದು, ವಜೀಹ್ ಮಾಡ್ಯೂಲನ್ನು ಕೈಯಲ್ಲಿ ಹಿಡಿದುಕೊಂಡೇ ಮೆಟ್ಟಿಲಿಳಿದು ಓಡಿದ.

ಅವಳ ಉಳಿದ ಆಯುಸ್ಸು ನಿಮಗೆ ಬರಲಿ, ಎಂದು ಪ್ಲಾಸ್ಟಿಕ್ ಕುರ್ಚಿಯ ಸಾಲಿನಲ್ಲಿ ಬಂದವರೆಲ್ಲ ಕೈ ಹಿಡಿದು ಹೇಳಿದರು, ಹಾಗೆ ಹೇಳುವುದು ಪದ್ಧತಿ, ನನಗೆ ಬೇಡ ಹೋಗ್ರಿ, ಎಂದುಬಿಟ್ಟ ಮುನೀಫ್ ಯಾರಿಗೋ, ಅಬು ಹೈಸಮ್‌ಗೆ ಇರಬೇಕು, ಆ ಮನುಷ್ಯ ಕಣ್ಣಲ್ಲಿ ನೀರು ತುಂಬಿಕೊಂಡು ಬಂದಿದ್ದ, ಇನ್ನೇನು ಬಾಯಿ ಬಿಡುತ್ತಾನೋ ಎಂದು ಅವನ ರಟ್ಟೆ ಹಿಡಿದು ಹೊರಗೆ ಕಳಿಸಿದ್ದ, ತಾನು ಬೈದರೆ ಜನ ಸಿಟ್ಟು ಎಂದುಕೊಳ್ಳುತ್ತಾರೆ, ಭಯ ಎಂದುಕೊಳ್ಳುವುದಿಲ್ಲ — ಈಗಲಾದರೂ ಹೇಳಿಬಿಡಬೇಕು, ಈ ಮೆತ್ತೆಯ ಕೋಣೆಯಲ್ಲಿ ಹೇಳಿದರೆ ಹೊರಗೆ ಹೋಗುವುದಿಲ್ಲ, ವಜೀಹ್, ಅವನು ಹೇಳಿದ್ದ ಕಣೋ, ಕೆಳಗಿನ ಓಣಿ ತೆಗೀತೀನಿ ಅಂತ ನನಗೆ ಹೇಳಿದ್ದ, ನಾನು ಆಯ್ತು ಅಂದೆ, ಇಷ್ಟೇ ಮಾತು, ನಾಲಗೆಯ ತುದಿಗೆ ಬಂದು ನಿಂತಿದೆ. ಯಾವ ಲೈನು ತೆಗೀತಾನೆ ಕೇಳು ಅಂದಿದ್ದೆ ನಾನು ನಿನಗೆ, ಕೇಳಿದ್ಯಾ, ಎನ್ನುತ್ತಿದ್ದಾನೆ ವಜೀಹ್, ಕೂಗುತ್ತಿಲ್ಲ ಈಗ, ಅದೇ ಕಷ್ಟ, ಒಂದು ಮಾತು ಹೇಳು ಸಾಕು ಮುನೀಫ್, ಕೇಳಿದ್ಯಾ ಇಲ್ವಾ. ಮುನೀಫ್ ಬಾಯಿ ತೆರೆದ, ಬಂದದ್ದು ಬೇರೆ. ಸಿಲಿಂಡರ್ ತುಂಬಿಸಿಡಬೇಕಾಗಿದ್ದವನು ಯಾರೋ, ಅವಳ ಗಂಡ ನೀನಾ ನಾನಾ. ಆಡಿದ ಮೇಲೆ ಕೋಣೆ ಆ ಮಾತನ್ನೂ ಮೆತ್ತಗೆ ನುಂಗಿತು, ಆದರೆ ನುಂಗುವ ಮೊದಲು ಅದು ವಜೀಹ್‌ನ ಮುಖದ ಮೇಲೆ ಬಿದ್ದದ್ದು ಕಂಡಿತು. ಸಿಲಿಂಡರ್ ಎಲ್ಲಿತ್ತು ಅಂದು ಎಂಬುದು ಇಬ್ಬರಿಗೂ ಗೊತ್ತು, ಗೇಟಿನ ಹೊರಗೆ, ಇಬ್ಬರ ವ್ಯಾನಿನಲ್ಲಿ, ಅಲ್ಯುಮಿನಿಯಂ ಚೌಕಟ್ಟುಗಳ ಕೆಳಗೆ ಖಾಲಿ ಮಲಗಿತ್ತು, ಬೆಳಿಗ್ಗೆ ತುಂಬಿಸಿಕೊಂಡೇ ಹೋಗೋಣ ಎಂದು ವಜೀಹ್ ಹೊತ್ತು ತಂದಿದ್ದ, ಮೊದಲು ಇದು ಮುಗಿಸೋಣ, ಸಂಜೆ ಹೋಗ್ತಾ ತುಂಬಿಸಿದರಾಯ್ತು, ಎಂದವನು ತಾನು, ಅವತ್ತು ಎಲ್ಲದಕ್ಕೂ ಆಯ್ತು ಆಯ್ತು ಎಂದವನು ತಾನು. ವಜೀಹ್ ಬಿಳಿ ಕೈಗವಸು ಕಳಚಿದ, ಒಂದರೊಳಗೊಂದು ಸೇರಿಸಿ ಏಣಿಯ ಮೆಟ್ಟಿಲಿನ ಮೇಲೆ ಇಟ್ಟ, ಕೆಲಸ ಮುಗಿದ ದಿನ ಇಡುವ ಹಾಗೇ, ಚೀಲ ಹೆಗಲಿಗೇರಿಸಿ ನಡೆದ, ಹೋಗು ಹೋಗು, ಕಾಫಿ ಕುಡಿದು ತಲೆ ತಣ್ಣಗೆ ಮಾಡ್ಕೊಂಡು ಬಾ, ಎಂದ ಮುನೀಫ್ ಅವನ ಬೆನ್ನಿಗೆ, ಇದೂ ಬೈದ ಹಾಗೇ ಬಂತು, ದಪ್ಪ ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಿತು.

ಬರುತ್ತಾನೆ, ಎಷ್ಟು ಸಲ ಜಗಳವಾಡಿಲ್ಲ, ಒಮ್ಮೆ ಜೀಯೆ ಊರಿನ ಮದುವೆ ಮಂಟಪದಲ್ಲಿ ಹೊಡೆದಾಡಿಕೊಂಡು ಗೆದ್ದವನು ಸೋತವನಿಗೆ ಝಾತರ್ ಸೊಪ್ಪಿನ ಪುಡಿ ಸವರಿದ ರೊಟ್ಟಿ ಕೊಡಿಸಿದ್ದುಂಟು, ನಿಹಾದ್ ಇಬ್ಬರ ಹರಿದ ಅಂಗಿಯನ್ನೂ ಒಂದೇ ದಾರದಲ್ಲಿ ಹೊಲಿದು ಮುಂದಿನ ಸಲ ಅಂಗಿ ಬಿಚ್ಚಿಟ್ಟು ಹೊಡೆದಾಡಿ ಎಂದಿದ್ದಳು — ಈಗ ಅವಳಿಲ್ಲ, ಜಗಳ ಹೊಲಿಯುವವರು ಯಾರು, ಬರಲಿ, ಬಂದ ಕೂಡಲೇ ಹೇಳಿಬಿಡುತ್ತೇನೆ, ಅವನು ಹೊಡೆದರೆ ಹೊಡೆಸಿಕೊಳ್ಳುತ್ತೇನೆ, ಕೈ ಎತ್ತುವುದಿಲ್ಲ. ಬಾಗಿಲು ತೆರೆಯಿತು. ಅದ್ನಾನ್. ಮೇಸ್ತ್ರಿ, ನಿಮ್ಮ ಭಾವಮೈದುನ ಗೇಟು ದಾಟಿ ನಡ್ಕೊಂಡೇ ಇಳಿದುಹೋದ್ರು, ವ್ಯಾನಿನ ಕೀ ಕೊಟ್ಟು ಹೋಗಿದಾರೆ, ನಿಮಗೆ ಕೊಡಿ ಅಂದ್ರು. ಆ ಕೀ ವಜೀಹ್‌ನ ಜೇಬು ಬಿಟ್ಟು ಇನ್ನೊಬ್ಬರ ಕೈಗೆ ಹೋದದ್ದನ್ನು ಮುನೀಫ್ ಕಂಡಿಲ್ಲ, ಮಲಗುವಾಗಲೂ ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾನೆ ಅಣ್ಣಾ, ನನ್ನನ್ನಲ್ಲ ವ್ಯಾನನ್ನು ಮದುವೆಯಾಗಿದಾನೆ, ಎನ್ನುತ್ತಿದ್ದಳು ನಿಹಾದ್, ಅಂಗೈಯಲ್ಲಿ ಅದಿನ್ನೂ ಬೆಚ್ಚಗಿದೆ, ಅದ್ನಾನ್‌ನ ಕೈಯ ಬಿಸಿಯೋ ಅವನದೋ. ಮುಗೀತಾ ಮೇಸ್ತ್ರಿ, ಧಣಿಗೆ ಹೇಳ್ಲಾ. ಹೇಳು ಹೋಗು. ಬಿಡಿಭಾಗದ ಪೆಟ್ಟಿಗೆಯಲ್ಲಿ ಅದೇ ಲಾಟಿನ ಹೆಚ್ಚುವರಿ ಮಾಡ್ಯೂಲುಗಳಿವೆ, ಒಂದನ್ನು ತೆಗೆದು ಇಟ್ಟರೆ ಅಯಸ್ಕಾಂತ ತಾನೇ ಎಳೆದುಕೊಳ್ಳುತ್ತದೆ, ಟಪ್ ಎಂದು ಕೂರುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ, ಏಳಬೇಕು, ಏಣಿ ಹತ್ತಬೇಕು, ಏಣಿಯ ಮೆಟ್ಟಿಲಲ್ಲಿ ಕೈಗವಸು ಇದೆ, ಅದನ್ನು ಸರಿಸದೆ ಹತ್ತಲು ಆಗುವುದಿಲ್ಲ, ಸರಿಸಲು ಆಗುವುದಿಲ್ಲ. ಬೆರಳು ಗುಂಡಿ ಒತ್ತಿತು. ಬಿಳಿ. ಎಲ್ಲಿಯೋ ಕೆಳಗೆ ಹೊಸ ಜನರೇಟರು ಭಾರ ಹೊತ್ತುಕೊಂಡಿತು, ಯಾರ ಮನೆಯಲ್ಲೂ ಏನೂ ಆರಲಿಲ್ಲ, ಒಂದು ಸಂದು ಕಾಣುವುದಿಲ್ಲ, ಒಂದು ದೀಪ ಸತ್ತಿಲ್ಲ, ಅವನು ಕೂರಿಸಿದ್ದು ಎಂದಾದರೂ ಓರೆಯಾದದ್ದುಂಟೇ, ಗೋಡೆಯುದ್ದಕ್ಕೂ ಬಿಳಿ, ಮೂರನೇ ಸಾಲು, ಎಡತುದಿ, ಆರಿಸು ಮುನೀಫ್ ಸಾಕು, ತಡಿಯೋ, ಒಂದೇ ಒಂದು, ಮೂರನೇ ಸಾಲು, ಎಡತುದಿ, ಚೌಕ, ಕಪ್ಪು ಚೌಕ