ನಾಲ್ಕು ಮೆಟ್ಟಿಲು

“ಮಾವ, ಸ್ವಲ್ಪ ಏಳ್ತೀರಾ? ನಿಮ್ಮ ಕುರ್ಚಿಲಿ ಈ ಪೆಟ್ಟಿಗೆ ಕೂರಬೇಕು.”

ಅಳಿಯ ಮಂದ್ರ ಸ್ವರಗಳ ಸ್ಪೀಕರಾದ ಸಬ್‌ವೂಫರನ್ನು ಮಲಗಿದ ಮಗುವಿನಂತೆ ತಬ್ಬಿ ನಿಂತಿದ್ದ. ಮಾವ ಕೋಲೂರಿ ಎದ್ದರು. ಕಿಟಕಿಯ ಪಕ್ಕ ಹೊಲಿಗೆ ಮಿಷನ್ ತುಳಿಯುತ್ತಿದ್ದ ಅತ್ತೆ ಕಾಲು ನಿಲ್ಲಿಸದೆಯೇ ಹೇಳಿದರು: “ಮನೆಯಳಿಯ ಮಾವನ ಕುರ್ಚಿ ಮೇಲೆ ಕಣ್ಣು ಹಾಕ್ತಾನೆ ಅಂತ ಕೇಳಿದ್ದೆ. ಪೆಟ್ಟಿಗೆಗೆ ಬಿಡಿಸಿಕೊಡ್ತಾನೆ ಅಂತ ಗೊತ್ತಿರಲಿಲ್ಲ.”

ಅಳಿಯ ನಗಲು ನೋಡಿದ, ಆಗಲಿಲ್ಲ. ಇದು ಮೂರನೇ ಭಾನುವಾರ.

ಮಾವ ಮೂವತ್ತು ವರ್ಷ ಒಂದು ವಾದ್ಯಮೇಳದಲ್ಲಿ ಆಳೆತ್ತರದ ಮಂದ್ರ ತಂತಿವಾದ್ಯ ಡಬಲ್ ಬೇಸ್ ನುಡಿಸಿದವರು. ಮೇಳ ಹೊರತಂದಿದ್ದು ಒಂದೇ ರೆಕಾರ್ಡು. ಅದರ ಮೂರನೇ ಹಾಡಿನ ನಡುವೆ ಎಲ್ಲ ವಾದ್ಯಗಳೂ ನಿಂತುಬಿಡುತ್ತವೆ. ಮಾವನ ಬೇಸ್ ಮಾತ್ರ ನಾಲ್ಕು ಸ್ವರ ಕೆಳಗಿಳಿಯುತ್ತದೆ. ‘ನಾಲ್ಕು ಮೆಟ್ಟಿಲು’ ಎಂದು ಅವರು ಅದನ್ನು ಕರೆಯುತ್ತಿದ್ದರು. ಅತ್ತೆ ಒಂದು ಕಾರ್ಯಕ್ರಮಕ್ಕೂ ಹೋದವರಲ್ಲ. ಸಂಜೆಯಾದರೆ ಮಡಿಲಲ್ಲಿ ಮಗು, ಮಿಷನ್ ಮೇಲೆ ಬಟ್ಟೆ. ಮನೆಯ ಚಿಕ್ಕ ಸ್ಪೀಕರುಗಳಲ್ಲಿ ಆ ಜಾಗಕ್ಕೆ ಬಂದಾಗ ತಂತಿಗೆ ಬೆರಳು ತಾಗುವ ಟಕ್ ಟಕ್ ಅಷ್ಟೇ ಕೇಳುತ್ತಿತ್ತು. “ಮೇಳಕ್ಕೆ ನೀವೇ ಮರಕುಟಿಗ” ಎಂದು ಅತ್ತೆ ನಲವತ್ತು ವರ್ಷದಿಂದ ಹೇಳುತ್ತ ಬಂದಿದ್ದರು. ಮಾವ ನಗುತ್ತಲೇ ಬಂದಿದ್ದರು.

ಅಳಿಯ ಲಿಫ್ಟ್ ಮೆಕ್ಯಾನಿಕ್. ಬಿಗಿ ಮಾಡಿದ ಬೋಲ್ಟನ್ನು ಇನ್ನೆರಡು ಸಲ ಬಿಗಿ ಮಾಡಿ, ಮೆಟ್ಟಿಲಿಳಿದ ಮೇಲೆ ಮತ್ತೆ ಹತ್ತಿ ನೋಡಿ ಬರುವ ಜಾತಿ. ಸಂಜೆ ತರಗತಿಗೆ ಹೋಗಿ ಎಲೆಕ್ಟ್ರಾನಿಕ್ಸ್ ಕಲಿತು, ಆರು ತಿಂಗಳು ಕೂತು ಈ ಪೆಟ್ಟಿಗೆಯನ್ನು ತಾನೇ ಕಟ್ಟಿದ್ದ. ಮೊದಲ ಭಾನುವಾರ, ನೋಡಲು ಲಕ್ಷಣವಾಗಿರಲಿ ಎಂದು ಸ್ಪೀಕರಿನ ಪಕ್ಕದಲ್ಲೇ ಇಟ್ಟ. ನಾಲ್ಕೂ ಮೆಟ್ಟಿಲು ಸೇರಿ ಒಂದೇ ಗುಂಯ್ ಆಯಿತು. ಎರಡನೇ ಭಾನುವಾರ ಸದ್ದು ಇಳಿಸಿದ. ಮಾವನ ಕುರ್ಚಿಯಲ್ಲಿ ಕೂತರೆ ಬೇಸ್ ಕೇಳಲೇ ಇಲ್ಲ. “ಇಲ್ಲಿ ಚೆನ್ನಾಗೇ ಕೇಳತ್ತಲ್ರೀ, ಅಪ್ಪನ್ನ ಒಲೆ ಹತ್ರ ಕಳಿಸಿ” ಎಂದು ಅಡುಗೆಮನೆಯಿಂದ ಹೆಂಡತಿ ಕೂಗಿದಳು. ಆಗ ಮಾವ ಮೆಲ್ಲಗೆ, “ಬಿಡಪ್ಪ. ರೆಕಾರ್ಡ್ ಮಾಡಿದ ಆವತ್ತು ನನ್ನ ಮುಂದೆ ಮೈಕೇ ಇಟ್ಟಿರಲಿಲ್ಲವೇನೋ” ಎಂದಿದ್ದರು.

ಆ ಮಾತು ವಾರವಿಡೀ ಅವನ ಎದೆಯಲ್ಲಿ ಮುಳ್ಳಾಗಿತ್ತು. ಮಾವನಿಗಿದ್ದ ನಂಬಿಕೆಯನ್ನೂ ತಾನೇ ಕಿತ್ತುಕೊಂಡೆನೇ? ಕೊನೆಗೆ ಸಂಜೆ ತರಗತಿಯ ಮೇಷ್ಟ್ರನ್ನು ಕೇಳಿದ. “ಕೇಳೋನ ಜಾಗದಲ್ಲಿ ಪೆಟ್ಟಿಗೆ ಕೂರಿಸು. ಪೆಟ್ಟಿಗೆ ಇಡಬಹುದಾದ ಕಡೆಯೆಲ್ಲ ನೀನು ತೆವಳಿ ಕೇಳು. ಎಲ್ಲಿ ಚೆನ್ನಾಗಿ ಕೇಳತ್ತೋ ಪೆಟ್ಟಿಗೆ ಅಲ್ಲಿಗೆ” ಎಂದರು ಮೇಷ್ಟ್ರು. “ನಾಚಿಕೆ ಪಟ್ಕೋಬೇಡ.”

ನಾಚಿಕೆಯಾಯಿತು. ಕುರ್ಚಿಯ ಮೇಲೆ ಪೆಟ್ಟಿಗೆ ಗುನುಗುತ್ತಿದ್ದರೆ ಅವನು ಮಂಡಿಯೂರಿ, ತಲೆ ತಗ್ಗಿಸಿ, ಗೋಡೆಯ ಬುಡದುದ್ದಕ್ಕೂ ಹೊರಟ. ಕೈಯಲ್ಲೊಂದು ಸೀಮೆಸುಣ್ಣ.

“ಅಮ್ಮಾ, ನೋಡಮ್ಮ, ಅಂಬೆಗಾಲು!” ಹೆಂಡತಿ ಸೆರಗು ಬಾಯಿಗಿಟ್ಟುಕೊಂಡಳು.

“ಚಪ್ಪಲಿ ಗೂಡಿನ ಹತ್ರ ಗುಡಿಸಿಲ್ಲ, ಅಲ್ಲಿ ಮೂಗು ಉಜ್ಜಬೇಡ” ಎಂದರು ಅತ್ತೆ.

ಮೂಲೆಯಲ್ಲಿ ಗುಂಯ್. ಪುಸ್ತಕದ ಕಪಾಟಿನ ಬಳಿ ಸೊನ್ನೆ. ಚಪ್ಪಲಿ ಗೂಡಿನ ಬಳಿ ಮೂರು ಮೆಟ್ಟಿಲು, ನಾಲ್ಕನೆಯದು ಇಲ್ಲ. ಸುಣ್ಣದಲ್ಲಿ ಗುರುತು ಹಾಕುತ್ತ ಹಾಕುತ್ತ ಅವನ ತಲೆ ಹೊಲಿಗೆ ಮಿಷನ್ನಿನ ಅಡಿಗೆ ಹೋಯಿತು. ಅಲ್ಲಿ ನಿಂತಿತು. ಹೆಂಡತಿ ಹಾಡನ್ನು ಮತ್ತೆ ಹಾಕಿದಳು. ನಾಲ್ಕೂ ಮೆಟ್ಟಿಲು ಬೇರೆ ಬೇರೆಯಾಗಿ ಕೇಳಿದವು.

“ಅತ್ತೆ, ಇಲ್ಲೇ.”

“ಎಲ್ಲಿ?”

“ನೀವು ಕಾಲಿಟ್ಟಿರೋ ಕಡೆ.”

ಮಿಷನ್ ನಿಂತಿತು. ಆ ಕಿಟಕಿಯ ಬೆಳಕಿನಲ್ಲಿ ಹೊಲಿದೇ ಅತ್ತೆ ಇಬ್ಬರು ಮಕ್ಕಳನ್ನು ಓದಿಸಿದ್ದು. ಅದನ್ನು ಬಲ್ಲ ಅಳಿಯ ಕೆಳಗಿನಿಂದ ಮೇಲೆ ನೋಡಲಾರದೆ ಪೆಡಲನ್ನೇ ನೋಡುತ್ತಿದ್ದ.

“ಬೇಡ ಬಿಡಪ್ಪ, ಅವಳಿಗೆ ಬೆಳಕು ಬೇಕು” ಎಂದರು ಮಾವ.

“ನೀವು ಸುಮ್ನಿರಿ. ನನ್ನ ಪರವಾಗಿ ಮಾತಾಡೋಕೆ ಯಾರು ಹೇಳಿದ್ರು?” ಅತ್ತೆ ಎದ್ದರು. “ಸರಿಸಪ್ಪ. ಆದ್ರೆ ಕೇಳಿಸ್ಲಿಲ್ಲ ಅಂದ್ರೆ ಮಿಷನ್ ವಾಪಸ್ ಇಲ್ಲಿಗೆ, ಪೆಟ್ಟಿಗೆ ಗುಜರಿಗೆ. ಇನ್ನೊಂದು ಭಾನುವಾರ ಇಲ್ಲ.”

ಮಿಷನ್ ಎದುರು ಗೋಡೆಗೆ ಹೋಯಿತು, ಪೆಟ್ಟಿಗೆ ಕಿಟಕಿಯಡಿಗೆ ಬಂತು, ಮಾವ ಕುರ್ಚಿಗೆ ಮರಳಿದರು. ಹಾಡು ಹಾಕಿದರೆ ಮೇಲಿನ ಎರಡು ಮೆಟ್ಟಿಲು ಟೊಳ್ಳು, ಯಾರೋ ಕಚ್ಚಿ ತಿಂದ ಹಾಗೆ. ಅತ್ತೆ ಮಿಷನ್ ಕಡೆ ನೋಡಿದರು.

“ಒಂದ್ನಿಮಿಷ ಅತ್ತೆ.” ಸ್ಪೀಕರುಗಳು ಗಾಳಿಯನ್ನು ನೂಕುವಾಗ ಪೆಟ್ಟಿಗೆ ಎಳೆಯುತ್ತಿದೆಯೇ? ಒಂದನ್ನೊಂದು ನುಂಗುತ್ತಿವೆಯೇ? ಪೆಟ್ಟಿಗೆಯ ಬೆನ್ನಿಗೆ ತಾನೇ ಕೂರಿಸಿದ್ದ, ನೂಕು-ಎಳೆತವನ್ನು ಅದಲುಬದಲು ಮಾಡುವ ಪುಟ್ಟ ಸ್ವಿಚ್ಚನ್ನು ತಿರುಗಿಸಿದ. ಹೆಂಡತಿಗೆ ಕಣ್ಣು ಮುಚ್ಚಲು ಹೇಳಿ, “ಸದ್ದು ಎಲ್ಲಿಂದ ಬರ್ತಿದೆ, ತೋರಿಸು. ಪೆಟ್ಟಿಗೆ ಇದೆ ಅಂತಲೇ ಗೊತ್ತಾಗಬಾರದು” ಎಂದ. ಅವಳ ಬೆರಳು ಕಿಟಕಿಯ ಕಡೆ ಹೋಯಿತು. ಪೆಟ್ಟಿಗೆಯ ಸದ್ದಿನ ಗುಬುಟನ್ನು ಒಂದಿಷ್ಟು ಇಳಿಸಿದ. ಈಗಲೂ ಕಿಟಕಿ. ಇನ್ನೊಂದು ಕೂದಲೆಳೆಯಷ್ಟು ಇಳಿಸಿದ. ಬೆರಳು ಗಾಳಿಯಲ್ಲಿ ತಡವರಿಸಿ, ಎದುರಿನ ಸ್ಪೀಕರುಗಳ ಕಡೆ ತಿರುಗಿ ನಿಂತಿತು.

“ಮೊದಲಿಂದ ಹಾಕು” ಎಂದ.

ವಾದ್ಯಗಳೆಲ್ಲ ನಿಂತವು. ಆಮೇಲೆ ಯಾರೋ ತುಂಬು ಮೈಯವರು ಮರದ ಮನೆಯೊಳಗೆ ಇಳಿದು ಬರುವ ಹಾಗೆ ಒಂದು, ಎರಡು, ಮೂರು. ನಾಲ್ಕನೆಯದು ನೆಲಕ್ಕೆ ಮುಟ್ಟಿ ಅಲ್ಲೇ ಉಳಿಯಿತು. ಮಾವನ ಎಡಗೈ ಬೆರಳುಗಳು ಕೋಲಿನ ಮೇಲೆ ತಂತಿ ಒತ್ತುವಂತೆ ಸರಿಯುತ್ತ ಹೋಗಿದ್ದವು.

ಸೂಜಿಗೆ ಪೋಣಿಸಲೆಂದು ಅತ್ತೆ ತುಟಿಯಲ್ಲಿ ಹಿಡಿದಿದ್ದ ನೂಲು ಬಿದ್ದಿತ್ತು. “ಕೊನೇದನ್ನ ಯಾಕೆ ಅಷ್ಟುದ್ದ ಹಿಡಿದ್ರಿ?”

“ಬಿಡೋಕೆ ಮನಸ್ಸಾಗ್ಲಿಲ್ಲ ಕಣೇ. ಎಲ್ರೂ ಕಾಯ್ತಾ ಇದ್ರು. ಆದ್ರೂ ಬಿಡ್ಲಿಲ್ಲ.” ಮಾವನ ದನಿ ಏರಿತ್ತು. “ಕೇಳಿದ್ಯಾ? ಮೈಕ್ ಇತ್ತು! ನನ್ನ ಮುಂದೆ ಮೈಕ್ ಇತ್ತು!”

“ಕೇಳ್ತು, ಕೂಗಬೇಡಿ. ಆ ಪಾತ್ರೆ ಕಪಾಟಿನ ಗಾಜೊಂದು ಹಾಳಾದ್ದು, ನಿಮ್ಮ ಜೊತೆ ಗಿರ್ ಅಂತ ಹಾಡ್ತು” ಎಂದು ಅತ್ತೆ ಅಳಿಯನ ಕಡೆ ತಿರುಗಿದರು. ಅವನ ಮಂಡಿಯ ಧೂಳನ್ನು ತಮ್ಮ ಸೆರಗಿನಿಂದ ಒಮ್ಮೆ ಕೊಡವಿದರು. “ಮತ್ತೆ ಹಾಕಪ್ಪ.”

ಹಾಡು ನಡುಭಾಗಕ್ಕೆ ಬರುವ ಹೊತ್ತಿಗೆ ಅತ್ತೆ ಪಾತ್ರೆ ಕಪಾಟಿನ ಬಳಿ ಹೋಗಿ ನಿಂತಿದ್ದರು. ವಾದ್ಯಗಳು ನಿಂತವು. ಅದು ಗಿರ್ ಅನ್ನದ ಹಾಗೆ ಅವರು ಕಪಾಟಿನ ಗಾಜಿಗೆ ಅಂಗೈಯನ್ನು ಪೂರ್ತಿ ಅಗಲಿಸಿ ಒತ್ತಿ ಹಿಡಿದರು. ನಾಲ್ಕನೆಯ ಸ್ವರ ಮುಗಿದು, ಮೇಳವೆಲ್ಲ ಮತ್ತೆ ಎದ್ದು ಹಾಡಿದ ಮೇಲೂ ಕೈ ತೆಗೆಯಲಿಲ್ಲ.