ಅಕ್ಕಯ್ಯಮ್ಮನ ಜಗಲಿ

೧೯೮೨ರ ಬೇಸಿಗೆಯಲ್ಲಿ ಬಂಗಾರಪೇಟೆಯ ಬಜಾರು ರಸ್ತೆ ಅಗಲ ಮಾಡಲು ಅಳತೆಗೆ ಬಂದ ಸರ್ವೇಯರ್, ಬಿಸಿಲು ತಾಳಲಾರದೆ ಅಕ್ಕಯ್ಯಮ್ಮನ ಮನೆ ಮುಂದೆ ನಿಂತ.

"ಜಗಲಿ ಮೇಲೆ ಸ್ವಲ್ಪ ಕೂತ್ಕೊಳ್ಳಲಾ ಅಮ್ಮಾ?"

"ಕುಂತ್ಕಳಪ್ಪ, ಅದುಕ್ಕೇನು" ಎಂದು ಅವಳು ಜಗಲಿ ಗುಡಿಸಿಕೊಟ್ಟಳು. ಮಜ್ಜಿಗೆಯನ್ನೂ ತಂದಳು.

ಕುಡಿದ ಲೋಟ ಕೆಳಗಿಟ್ಟು ಅವನು ಹೇಳಿದ: "ಮನೆ ಎಷ್ಟು ಒಡೀತೀವೋ ಅಷ್ಟಕ್ಕೆ ಪರಿಹಾರ ಬರುತ್ತಮ್ಮ. ಈ ಜಗಲಿಗೆ ಮಾತ್ರ ಇಲ್ಲ. ಕಾನೂನು ಪ್ರಕಾರ ಇದು ಬೀದಿ ಜಾಗ, ನಿಮ್ದಲ್ಲ."

ಅಕ್ಕಯ್ಯಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಎದ್ದೇಳಯ್ಯ ಮೇಲೆ! ಬೆಳಗಿಂದ ಬೀದೀಲಿ ಓಡಾಡ್ದಲ್ಲ, ಯಾರನ್ನಾದ್ರೂ ಕೇಳಿದ್ಯಾ? ಇಲ್ಲಿ ಕುಂತ್ಕಳಕ್ಕೆ ನನ್ನ ಯಾಕೆ ಕೇಳ್ದೆ?"

ಸರ್ವೇಯರ್ ತಡವರಿಸುತ್ತ ಎದ್ದುನಿಂತ.

"ಇದು ಅಕ್ಕಯ್ಯಮ್ಮನ ಜಗಲಿ ಅಂತ ನಿನ್ನ ಅಳತೆ ಪುಸ್ತಕ್ದಲ್ಲಿ ನಿಂತ್ಕಂಡೇ ಬರಿ. ಬರದ್ಮೇಲೆ ಕೇಳು, ಕುಂತ್ಕಳಕ್ಕೆ ಬಿಡ್ತೀನಿ."